ಗಾಳಿಬೇರಿನ ಬೆಳೆ ವೆನಿಲ್ಲಾ: ಕೃಷಿ ಮತ್ತು ಲೆಕ್ಕಾಚಾರ

ಬಂಟ್ವಾಳ, ಬೆಳ್ತಂಗಡಿ ಹಾಗೂ ಮೂಡುಬಿದಿರೆ ಪರಿಸರದ ಅಡಿಕೆ ಬೆಳೆಗಾರರಿಗೆ ವೆನಿಲ್ಲಾ ಹೊಸ ಹೆಸರಲ್ಲ. 2000ದಲ್ಲಿ ಹುಡಾ ಚಂಡಮಾರುತವು ಮಡಗಾಸ್ಕರಿನ ತೋಟಗಳನ್ನು ನಾಶಗೊಳಿಸಿದ ತರುವಾಯ ಜಾಗತಿಕ ಧಾರಣೆ ಏರತೊಡಗಿತು. 2003-04ರ ಸುಮಾರಿಗೆ ಹಸಿ ಬೀನ್ಸಿನ ಬೆಲೆ ಕಿಲೋ ಒಂದರ 3,000 ರೂಪಾಯಿಯನ್ನು ದಾಟಿತು. ಬೆಳೆಗಾರರು ರಾತ್ರಿಯಿಡೀ ತೋಟ ಕಾಯಬೇಕಾಯಿತು. ಕಳವಿನ ಭಯದಿಂದ ಎಳೆಯ ಬೀನ್ಸನ್ನೇ ಕೊಯ್ದವರೂ ಉಂಟು. ಕೆಲವೇ ವರ್ಷಗಳಲ್ಲಿ ಬೆಲೆ ನೂರು ರೂಪಾಯಿಯ ಆಸುಪಾಸಿಗೆ ಕುಸಿಯಿತು. 2017ರಲ್ಲಿ ಎನಾವೋ ಚಂಡಮಾರುತದ ವೇಳೆಗೆ ಮತ್ತೆ ಏರಿದ ಧಾರಣೆ ಅನಂತರ ಮತ್ತೆ ಇಳಿಯಿತು. ಅಡಿಕೆಯ ರೋಗಬಾಧೆಯಿಂದ ಉಪಬೆಳೆಯ ಹುಡುಕಾಟ ನಡೆದಿರುವ ಈ ಸಂದರ್ಭದಲ್ಲಿ, ಬಳ್ಳಿಯ ಸ್ವಭಾವವನ್ನೂ ಅದರ ನೈಜ ವೆಚ್ಚವನ್ನೂ ಅರಿಯುವುದು ಅಗತ್ಯ.

ಸಸ್ಯದ ಸ್ವಭಾವ

ವೆನಿಲ್ಲಾ ಮೆಕ್ಸಿಕೋ ಪ್ರದೇಶ ಮೂಲದ ಆರ್ಕಿಡ್, ಅರ್ಥಾತ್ ಸೀತಾಳೆಯ ಬಂಧು. ಮಣ್ಣಿನಲ್ಲಿ ಬದುಕನ್ನು ಆರಂಭಿಸಿದರೂ ಪ್ರತಿ ಗೆಣ್ಣಿನಿಂದ ಗಾಳಿಬೇರುಗಳನ್ನು ಹೊರಡಿಸಿ ಮರದ ತೊಗಟೆಯನ್ನು ಅಪ್ಪಿಕೊಳ್ಳುತ್ತದೆ. ಇದು ಬಂದಣಿಕೆಯಲ್ಲ, ಆಸರೆಯ ಮರದಿಂದ ಆಹಾರವನ್ನು ಹೀರುವುದಿಲ್ಲ. ನೆಲದ ಬೇರುಗಳೂ ಆಳಕ್ಕಿಳಿಯದೆ ಮೇಲ್ಪದರದ ತರಗೆಲೆಯಲ್ಲಿಯೇ ಹರಡುತ್ತವೆ. ಗಾಳಿ, ತೇವ ಮತ್ತು ಅರೆನೆರಳು ಇದರ ಮುಖ್ಯ ಅವಶ್ಯಕತೆಗಳು.

ನಾಟಿ ಮತ್ತು ಆರೈಕೆ

ಸುಮಾರು 1 ಮೀಟರ್ ಉದ್ದದ, ರೋಗರಹಿತ ಬಳ್ಳಿಯ ತುಂಡನ್ನು ಆರಿಸಿ, ಬುಡದ ಮೂರು-ನಾಲ್ಕು ಎಲೆಗಳನ್ನು ತೆಗೆದು, ಒಂದು ವಾರ ನೆರಳಿನಲ್ಲಿ ಬಾಡಿಸತಕ್ಕದ್ದು. ಗ್ಲಿರಿಸೀಡಿಯಾ ಅಥವಾ ಹಾಲುವಾಣದಂತಹ ಆಸರೆಯನ್ನು ಮುಂಚಿತವಾಗಿಯೇ ಬೆಳೆಸಿರಬೇಕು. ತುಂಡಿನ ಬುಡವನ್ನು ಹುಗಿಯದೆ, ಸಡಿಲ ಮಣ್ಣಿನ ಮೇಲೆ ಮಲಗಿಸಿ ತರಗೆಲೆಯಿಂದ ಮುಚ್ಚಿ, ತುದಿಯನ್ನು ಆಸರೆಗೆ ಕಟ್ಟಬೇಕು. ಶೇಕಡಾ 50ರಷ್ಟು ನೆರಳು ಸಾಕು. ಬಳ್ಳಿಯು ಆಳೆತ್ತರವನ್ನು ಮೀರದಂತೆ ಕವಲಿನ ಮೇಲಿಂದ ಕೆಳಕ್ಕೆ ಬಾಗಿಸಿದರೆ ಹೂವೂ ಹೆಚ್ಚು, ಕೆಲಸವೂ ಸುಲಭ.

ಕರಾವಳಿಯ ಮಳೆಗಾಲವೇ ಇದರ ಪರೀಕ್ಷಾಕಾಲ. ಬುಡದಲ್ಲಿ ನೀರು ನಿಂತರೆ ಬೇರು ಮತ್ತು ಕಾಂಡ ಕೊಳೆಯುತ್ತವೆ. ಬಸಿಗಾಲುವೆ, ಮಳೆಗೆ ಮುನ್ನ ನೆರಳಿನ ಕೊಂಬೆಗಳ ಸವರುವಿಕೆ ಹಾಗೂ ಶೇಕಡಾ 1ರ ಬೋರ್ಡೋ ದ್ರಾವಣದ ಸಿಂಪಡಣೆ ಅಗತ್ಯ.

ಪರಾಗಸ್ಪರ್ಶ

ಮೂರನೆಯ ವರ್ಷದಿಂದ ಬಳ್ಳಿ ಹೂ ಬಿಡುತ್ತದೆ. ಹೂವಿನ ಗಂಡು-ಹೆಣ್ಣು ಭಾಗಗಳ ನಡುವೆ ತೆಳುವಾದ ಪೊರೆಯೊಂದಿರುವುದರಿಂದ ತಾನಾಗಿ ಕಾಯಿ ಕಟ್ಟುವುದು ಅಪೂರ್ವ. ಮೊನಚಾದ ಕಡ್ಡಿಯಿಂದ ಪೊರೆಯನ್ನು ಎತ್ತಿ, ಪರಾಗವನ್ನು ಹೆಬ್ಬೆರಳಿನಿಂದ ಒತ್ತುವ ಸುಲಭ ವಿಧಾನವನ್ನು 1841ರಲ್ಲಿ ರಿಯೂನಿಯನ್ ದ್ವೀಪದ ಎಡ್ಮಂಡ್ ಆಲ್ಬಿಯಸ್ ಎಂಬ ಹನ್ನೆರಡರ ಗುಲಾಮ ಬಾಲಕನು ಕಂಡುಹಿಡಿದನು. ಇಂದಿಗೂ ಅದೇ ಪದ್ಧತಿ ರೂಢಿಯಲ್ಲಿದೆ. ಹೂವು ಬೆಳಿಗ್ಗೆ ಅರಳಿ ಅಂದೇ ಬಾಡುವುದರಿಂದ ಮಧ್ಯಾಹ್ನದೊಳಗೆ ಕೆಲಸ ಮುಗಿಯಬೇಕು. ಗೊಂಚಲೊಂದರಲ್ಲಿ 15-20 ಹೂಗಳಿದ್ದರೂ ಎಂಟು-ಹತ್ತಕ್ಕೆ ಮಾತ್ರ ಪರಾಗಸ್ಪರ್ಶ ಮಾಡುವುದು ಲೇಸು. ಅಧಿಕವಾದರೆ ಬಳ್ಳಿ ಸೊರಗುತ್ತದೆ.

ಕೊಯ್ಲು ಮತ್ತು ಸಂಸ್ಕರಣೆ

ಪರಾಗಸ್ಪರ್ಶದಿಂದ 9-11 ತಿಂಗಳಲ್ಲಿ ಬೀನ್ಸಿನ ತುದಿ ಹಳದಿಗೆ ತಿರುಗಿದಾಗ ಕೊಯ್ಯಬೇಕು. ಹಸಿ ಬೀನ್ಸಿಗೆ ಪರಿಮಳವಿಲ್ಲ. 63-65 ಡಿಗ್ರಿ ಸೆಲ್ಸಿಯಸ್ ಬಿಸಿನೀರಿನಲ್ಲಿ ಸುಮಾರು 3 ನಿಮಿಷ ಅದ್ದಿ, ಕಂಬಳಿಯಲ್ಲಿ ಸುತ್ತಿ ಬೆವರಿಸಿ, ಬಿಸಿಲಿನಲ್ಲಿಯೂ ಅನಂತರ ನೆರಳಿನಲ್ಲಿಯೂ ಒಣಗಿಸಿ, ಎರಡು-ಮೂರು ತಿಂಗಳು ಪೆಟ್ಟಿಗೆಯಲ್ಲಿ ಹದಗೊಳಿಸಿದ ಮೇಲೆಯೇ ಸುವಾಸನೆ ಪೂರ್ಣಗೊಳ್ಳುತ್ತದೆ.

ಲೆಕ್ಕದ ಪುಸ್ತಕದಲ್ಲಿ ವೆನಿಲ್ಲಾ

1 ಕಿಲೋ ಸಂಸ್ಕರಿತ ಸರಕಿಗೆ ಸುಮಾರು 6 ಕಿಲೋ ಹಸಿ ಬೀನ್ಸ್ ಬೇಕು. ಬೀನ್ಸ್ ಒಂದಕ್ಕೆ 15-20 ಗ್ರಾಂ ಎಂದೆಣಿಸಿದರೂ 300-400 ಹೂಗಳನ್ನು ಒಂದೊಂದಾಗಿ ಮುಟ್ಟಬೇಕಾಗುತ್ತದೆ. ನುರಿತ ಕೈಗೆ ಇದು ಅರ್ಧ ದಿನದ ಕೆಲಸವೂ ಅಲ್ಲ. ಆದರೆ ಗೊಂಚಲಿನಲ್ಲಿ ದಿನಕ್ಕೆ ಒಂದೆರಡೇ ಹೂ ಅರಳುವುದರಿಂದ ವಾರಗಟ್ಟಲೆ ಪ್ರತಿ ಮುಂಜಾನೆ ತೋಟಕ್ಕೆ ಇಳಿಯಲೇಬೇಕು. ಅದೂ ಅಡಿಕೆ ಕೊಯ್ಲು, ನೀರಾವರಿಗಳ ಅವಧಿಯಲ್ಲಿ. ಮನೆಯವರೇ ಮಾಡಿದರೂ ಈ ದುಡಿಮೆಯನ್ನು ಖರ್ಚಿನ ಬದಿಗೆ ಬರೆಯತಕ್ಕದ್ದು.

ಹಿಂದಿನ ಏರಿಕೆಯ ಕಾಲದಲ್ಲಿ ಬಳ್ಳಿಯ ತುಂಡುಗಳ ಮಾರಾಟದಿಂದ ಬಂದ ಹಣವನ್ನೂ ಬೆಳೆಯ ಆದಾಯವೆಂದೇ ಭಾವಿಸಿದುದು ದೊಡ್ಡ ತಪ್ಪು. ಹೊಸದಾಗಿ ನೆಡುವವರು ಇರುವಷ್ಟು ದಿನ ಮಾತ್ರ ಆ ಆದಾಯ. ನೆಟ್ಟವರೆಲ್ಲರೂ ಮುಂದೆ ಪ್ರತಿಸ್ಪರ್ಧಿಗಳೇ. ಬೆಲೆ ಮಿತಿಮೀರಿದಾಗ ಐಸ್‌ಕ್ರೀಮ್, ಬಿಸ್ಕೆಟ್ ತಯಾರಕರು ಕೃತಕ ವೆನಿಲಿನ್‌ಗೆ ಸರಿಯುತ್ತಾರೆಂಬುದನ್ನೂ ಮರೆಯಬಾರದು. 1874ರಿಂದ ಅದು ಪ್ರಯೋಗಶಾಲೆಯಲ್ಲಿ ತಯಾರಾಗುತ್ತಿದೆ.

ತೆರಿಗೆಯ ದೃಷ್ಟಿಯಿಂದ, ತಾನು ಬೆಳೆದ ಹಸಿ ಬೀನ್ಸಿನ ಮಾರಾಟವು ಕೃಷಿ ಆದಾಯ. ಪರರ ಬೀನ್ಸನ್ನು ಖರೀದಿಸಿ ಸಂಸ್ಕರಿಸಿ ಮಾರುವುದು ವ್ಯಾಪಾರ. ಎರಡನ್ನೂ ನಡೆಸುವವರು ಪ್ರತ್ಯೇಕ ಲೆಕ್ಕವಿಡುವುದು ಕ್ಷೇಮಕರ.

ಅಡಿಕೆಯನ್ನು ಕಡಿದು ವೆನಿಲ್ಲಾ ನೆಡುವುದು ವಿವೇಕವಲ್ಲ. ಮನೆಮಂದಿಯ ಕೈಗಳು ಮುಂಜಾನೆ ನಿಭಾಯಿಸಬಲ್ಲಷ್ಟು ಬಳ್ಳಿಗಳನ್ನು, ಸಾಲವಿಲ್ಲದೆ, ಏರಿಕೆಯ ವರ್ಷದ ಬದಲು ಇಳಿಕೆಯ ವರ್ಷದ ಧಾರಣೆಯನ್ನೇ ಆಧಾರವಾಗಿಟ್ಟುಕೊಂಡು ಬೆಳೆಸಿದಲ್ಲಿ, ಈ ಬಳ್ಳಿಯು ತೋಟಕ್ಕೆ ಹೊರೆಯಾಗದೆ ಉಪ ಆದಾಯವನ್ನು ನೀಡಬಲ್ಲದು. ಗಾಳಿಯಲ್ಲಿ ಬೇರು ಬಿಡುವುದು ಬಳ್ಳಿಗೆ ಸಹಜ. ಬೆಳೆಗಾರನ ಅಂದಾಜುಪಟ್ಟಿ ಮಾತ್ರ ನೆಲದಲ್ಲಿಯೇ ಬೇರೂರಿರಬೇಕು.