ಗ್ಲೇಪ್ನಿರ್ ಎಂಬ ಪಾಶ

ಐಸ್‌ಲೆಂಡಿನ ವಿದ್ವಾಂಸನಾದ ಸ್ನೋರ್ರಿ ಸ್ಟುರ್ಲುಸನ್ನನು (೧೧೭೯–೧೨೪೧) ರಚಿಸಿದ 'ಗದ್ಯ ಎಡ್ಡಾ' ಎಂಬ ಗ್ರಂಥದಲ್ಲಿ ಉತ್ತರ ಯೂರೋಪಿನ ಪ್ರಾಚೀನ ದೇವತೆಗಳ ಕಥೆಗಳು ಸಂಗೃಹೀತವಾಗಿವೆ. ಫೆನ್ರಿರ್ ಎಂಬ ಮಹಾವೃಕದ ಬಂಧನವು ಅವುಗಳಲ್ಲೊಂದು. ಲೋಕಿಯೆಂಬವನಿಂದ ಹುಟ್ಟಿದ ಈ ವೃಕವು ದೇವತೆಗಳ ನಡುವೆಯೇ ಬೆಳೆದು ದಿನದಿನಕ್ಕೆ ಬಲಿಯುತ್ತಿದ್ದಿತು. ಅದರಿಂದಲೇ ತಮಗೆ ಕೇಡೆಂಬ ಭವಿಷ್ಯವಾಣಿಗೆ ಅಂಜಿ ದೇವತೆಗಳು ಲೇಡಿಂಗ್, ದ್ರೋಮಿ ಎಂಬ ಎರಡು ಸಂಕೋಲೆಗಳನ್ನು ಒಂದಾದ ಮೇಲೊಂದರಂತೆ ತೊಡಿಸಿದರು, ಎರಡೂ ಹರಿದುಹೋದುವು. ಬಳಿಕ ಕುಬ್ಜಶಿಲ್ಪಿಗಳಿಂದ ಗ್ಲೇಪ್ನಿರನ್ನು ಮಾಡಿಸಿದರು. ಅದು ರೇಷ್ಮೆಯ ಪಟ್ಟಿಯಂತೆ ನುಣುಪಾಗಿಯೂ ಮೃದುವಾಗಿಯೂ ಇದ್ದಿತು. ಬೆಕ್ಕಿನ ಹೆಜ್ಜೆಯ ಸಪ್ಪಳ, ಹೆಂಗಸಿನ ಗಡ್ಡ, ಬೆಟ್ಟದ ಬೇರು, ಕರಡಿಯ ಸ್ನಾಯು, ಮೀನಿನ ಉಸಿರು, ಹಕ್ಕಿಯ ಉಗುಳು ಎಂಬಿವಾರು ಅದರ ಉಪಾದಾನಗಳು.

ಇದನ್ನೋದಿದ ಸಂಸ್ಕೃತಾಭ್ಯಾಸಿಗೆ ಶಶವಿಷಾಣ, ಖಪುಷ್ಪ, ವಂಧ್ಯಾಪುತ್ರ ಮೊದಲಾದುವು ನೆನಪಿಗೆ ಬರುವುದು ಸಹಜ. ಆದರೆ ಭೇದವುಂಟು. ಮೊಲಕ್ಕೆ ಕೊಂಬು ಮೂರು ಕಾಲಗಳಲ್ಲಿಯೂ ಇಲ್ಲ. ಸ್ನೋರ್ರಿಯ ಗ್ರಂಥದಲ್ಲಿ ಕಥೆ ಹೇಳುವವನಾದರೋ, ಹೆಂಗಸಿಗೆ ಗಡ್ಡವಿಲ್ಲದಿರುವುದು, ಬೆಕ್ಕಿನ ನೆಗೆತಕ್ಕೆ ಸದ್ದಿಲ್ಲದಿರುವುದು, ಬೆಟ್ಟಕ್ಕೆ ಬೇರಿಲ್ಲದಿರುವುದು ಇವನ್ನೇ ತನ್ನ ಮಾತಿನ ಸತ್ಯಕ್ಕೆ ಪ್ರಮಾಣವಾಗಿ ಕೊಡುತ್ತಾನೆ. ಎಂದರೆ ಅವು ಒಮ್ಮೆ ಇದ್ದು ಪಾಶಕ್ಕಾಗಿ ವ್ಯಯವಾದುವೆಂದು ತಾತ್ಪರ್ಯ. ನ್ಯಾಯಶಾಸ್ತ್ರದ ಪರಿಭಾಷೆಯಲ್ಲಿ ಇದು ಪ್ರಧ್ವಂಸಾಭಾವಕ್ಕೆ ಸಮೀಪವಾದುದು. ಕರಡಿಯ ಸ್ನಾಯು ಇಂದಿಗೂ ಇರುವ ವಸ್ತುವಾದುದರಿಂದ ಆರನ್ನೂ ಅಸದ್ವಸ್ತುಗಳೆಂದು ಒಟ್ಟಾಗಿ ಹೇಳುವುದು ಸಾಧುವಲ್ಲ.

ಪಾಶವು ಹರಿಯದಿದ್ದರೆ ತಾವೇ ಬಿಡಿಸುವೆವೆಂದು ದೇವತೆಗಳು ಮಾತು ಕೊಟ್ಟರು. ವೃಕವು ಶಂಕಿಸಿ, ಅವರಲ್ಲೊಬ್ಬನು ತನ್ನ ಬಾಯಲ್ಲಿ ಕೈಯನ್ನು ಒತ್ತೆಯಿಡಬೇಕೆಂದಿತು. ಟೀರ್ ಎಂಬ ದೇವನು ಬಲಗೈಯನ್ನಿಟ್ಟನು. ವೃಕವು ಕೊಸರಿದಷ್ಟೂ ಪಾಶವು ಬಿಗಿಯಿತು. ದೇವತೆಗಳೆಲ್ಲರೂ ನಕ್ಕರು, ಕೈಯನ್ನು ಕಳೆದುಕೊಂಡ ಟೀರನೊಬ್ಬನು ನಗಲಿಲ್ಲ.

ಪಾಠ ಹೇಳುವವರು ಸಾಮಾನ್ಯವಾಗಿ ಉಪಾದಾನಗಳ ವೈಚಿತ್ರ್ಯವನ್ನು ವರ್ಣಿಸಿ ಮುಂದೆ ಸಾಗುವರು. ಕಥೆಯ ಸಾರವಾದರೋ ಈ ವಚನಭಂಗದಲ್ಲಿದೆ. ಎರಡು ಸಂಕೋಲೆಗಳಿಂದಾಗದ ಬಂಧನವು ಸಿದ್ಧಿಸಿದುದು ವಿಶ್ವಾಸಘಾತದಿಂದ. ಅದರ ಬೆಲೆಯನ್ನು ತೆತ್ತವನು ಒತ್ತೆಯಿಟ್ಟವನೊಬ್ಬನೆ. ಫಲವಾದರೂ ಶಾಶ್ವತವಲ್ಲ. ರಗ್ನರೋಕ್ ಎಂಬ ಪ್ರಳಯಕಾಲದಲ್ಲಿ ವೃಕವು ಬಿಡುಗಡೆ ಹೊಂದಿ, ದೇವತೆಗಳ ಒಡೆಯನಾದ ಓಡಿನನನ್ನೇ ನುಂಗುವುದೆಂದು ಆ ಗ್ರಂಥದಲ್ಲಿಯೇ ಉಕ್ತವಾಗಿದೆ.