ನಮ್ಮ ಮನೆಯ ಗೋದಲಿ

ಡಿಸೆಂಬರ್ ತಿಂಗಳು ಕಾಲಿಟ್ಟಿತೆಂದರೆ ಕರಾವಳಿಯ ಕ್ರೈಸ್ತ ಮನೆಗಳಲ್ಲಿ ಹಬ್ಬದ ಗಡಿಬಿಡಿ ಆರಂಭವಾಗುತ್ತದೆ. ಒಂದೆಡೆ ಅಡುಗೆಮನೆಯಲ್ಲಿ ಕುಸ್ವಾರಿನ ತಯಾರಿ, ಇನ್ನೊಂದೆಡೆ ಗೋಡೆಗಳಿಗೆ ಸುಣ್ಣಬಣ್ಣ, ಅಟ್ಟದಿಂದ ಕೆಳಗಿಳಿಯುವ ನಕ್ಷತ್ರ, ಹಳೆಯ ಪತ್ರಿಕೆಗಳಲ್ಲಿ ಸುತ್ತಿಟ್ಟಿದ್ದ ಮಣ್ಣಿನ ಮೂರ್ತಿಗಳು. ಈ ಎಲ್ಲ ಸಿಂಗಾರದ ನಡುವೆ ಗೋದಲಿಗೆ ಇರುವ ಸ್ಥಾನವೇ ಬೇರೆ. ಅದು ನಮ್ಮ ಮನೆಗಳಿಗೆ ಬಂದ ಬಗೆಯನ್ನೂ ಅದರ ಅರ್ಥವನ್ನೂ ಈ ಆಗಮನ ಕಾಲದಲ್ಲಿ ಒಮ್ಮೆ ನೆನೆಯುವುದು ಉಚಿತವೆಂದು ಭಾವಿಸುತ್ತೇವೆ.

ಸಂತ ಲೂಕರು ತಮ್ಮ ಶುಭಸಂದೇಶದ ಎರಡನೆಯ ಅಧ್ಯಾಯದಲ್ಲಿ ಗೋದಲಿಯನ್ನು ಮೂರು ಬಾರಿ ಹೆಸರಿಸುತ್ತಾರೆ. ಆದರೆ ನಾವು ತಪ್ಪದೆ ಇರಿಸುವ ಎತ್ತು ಮತ್ತು ಕತ್ತೆಯ ಪ್ರಸ್ತಾಪ ಅಲ್ಲಿಲ್ಲ. ಪ್ರವಾದಿ ಯೆಶಾಯನ ಗ್ರಂಥದ ಮೊದಲ ಅಧ್ಯಾಯದಿಂದ ಅವು ಈ ದೃಶ್ಯಕ್ಕೆ ಬಂದು ಸೇರಿವೆ. ತನ್ನ ಒಡೆಯನನ್ನು ಪಶುವೂ ಅರಿಯುತ್ತದೆ, ಜನರು ಮಾತ್ರ ಅರಿಯರು ಎಂಬ ಪ್ರವಾದಿಯ ಅಳಲು ಆ ಎರಡು ಮೂಕಪ್ರಾಣಿಗಳ ಹಿಂದೆ ಅಡಗಿದೆ.

ಇಂದು ನಮಗೆ ಪರಿಚಿತವಾದ ಗೋದಲಿಯ ಸಂಪ್ರದಾಯಕ್ಕೆ ಬಲ ನೀಡಿದವರು ಅಸಿಸಿಯ ಸಂತ ಫ್ರಾನ್ಸಿಸರು. 1223ರ ಕ್ರಿಸ್ಮಸ್‌ಗೆ ಸುಮಾರು 15 ದಿನ ಮುಂಚೆ ಅವರು ಇಟಲಿಯ ಗ್ರೆಚ್ಚೊ ಎಂಬ ಊರಿನ ಜೊವಾನ್ನಿ ಎಂಬ ಸದ್ಗೃಹಸ್ಥನನ್ನು ಕರೆದು, ಬೆತ್ಲೆಹೇಮಿನ ಶಿಶು ಪಟ್ಟ ಕಷ್ಟವನ್ನು ಕಣ್ಣಾರೆ ಕಾಣುವಂತೆ ಎಲ್ಲವನ್ನೂ ಅಣಿಗೊಳಿಸಲು ಕೇಳಿಕೊಂಡರು. ಆ ರಾತ್ರಿ ಅಲ್ಲಿ ಇದ್ದುದು ಹುಲ್ಲು ತುಂಬಿದ ಗೋದಲಿ, ಒಂದು ಎತ್ತು ಮತ್ತು ಒಂದು ಕತ್ತೆ. ಮೂರ್ತಿಗಳಿರಲಿಲ್ಲ. ಗೋದಲಿಯ ಮೇಲೆಯೇ ಬಲಿಪೂಜೆ ನೆರವೇರಿತು. ದೀವಟಿಗೆಗಳನ್ನು ಹಿಡಿದು ಬಂದ ಹಳ್ಳಿಗರೇ ಆ ದೃಶ್ಯವನ್ನು ಪೂರ್ಣಗೊಳಿಸಿದರು. 2019ರ ಡಿಸೆಂಬರ್ 1ರಂದು ಪೋಪ್ ಫ್ರಾನ್ಸಿಸರು ಇದೇ ಗ್ರೆಚ್ಚೊಗೆ ತೆರಳಿ ಗೋದಲಿಯ ಕುರಿತಾದ ಪತ್ರಕ್ಕೆ ಸಹಿ ಹಾಕಿ, ಈ ಸಂಪ್ರದಾಯವನ್ನು ಮನೆಮನೆಗಳಲ್ಲಿ ಉಳಿಸಿಕೊಳ್ಳಲು ಪ್ರೋತ್ಸಾಹಿಸಿದರು. ಕ್ರಿಸ್ಮಸ್ ಮರವಾದರೋ ಜರ್ಮನಿಯ ನಾಡಿನಿಂದ ಹರಡಿದ್ದು. ರೋಮಿನ ಸಂತ ಪೇತ್ರರ ಚೌಕದಲ್ಲಿ ಅದು ಮೊದಲು ನಿಂತದ್ದು 1982ರಲ್ಲಿ, ಸಂತ ದ್ವಿತೀಯ ಜಾನ್ ಪೌಲರ ಕಾಲದಲ್ಲಿ. ನಮ್ಮಲ್ಲಿ ಗಾಳಿಮರದ ಕೊಂಬೆಯೇ ಆ ಸ್ಥಾನವನ್ನು ತುಂಬುತ್ತ ಬಂದಿದೆ.

ಗ್ರೆಚ್ಚೊದ ಆ 15 ದಿನಗಳ ಸಿದ್ಧತೆಯಲ್ಲಿ ನಮಗೊಂದು ಪಾಠವಿದೆ. ಗೋದಲಿಯು ಹಬ್ಬದ ಮುನ್ನಾದಿನ ಅಂಗಡಿಯಿಂದ ತಂದು ಮೇಜಿನ ಮೇಲೆ ಇರಿಸುವ ವಸ್ತುವಾಗಬೇಕಿಲ್ಲ. ಡಿಸೆಂಬರ್ ಮಧ್ಯಭಾಗದಲ್ಲಿ ರಾಗಿಯನ್ನೋ ಭತ್ತವನ್ನೋ ಒಂದು ರಾತ್ರಿ ನೆನೆಸಿ, ತೆಂಗಿನ ಗೆರಟೆಯಲ್ಲಿ ಮಣ್ಣು ತುಂಬಿ ಬಿತ್ತಿದರೆ ಹಬ್ಬದ ಹೊತ್ತಿಗೆ ಹಸಿರು ಗದ್ದೆ ಸಿದ್ಧವಾಗುತ್ತದೆ. ದಿನವೂ ನೀರು ಚಿಮುಕಿಸುವ ಹೊಣೆಯನ್ನು ಮಕ್ಕಳಿಗೆ ವಹಿಸಿರಿ. ಕಾಯುವುದೆಂದರೇನು ಎಂಬುದನ್ನು ಆ ಮೊಳಕೆಗಳು ಯಾವ ಉಪದೇಶಕ್ಕಿಂತಲೂ ಚೆನ್ನಾಗಿ ಅವರಿಗೆ ತಿಳಿಸಿಕೊಡುತ್ತವೆ. ಬೈಹುಲ್ಲಿನ ಮಾಡು, ಮುರಕಲ್ಲಿನ ಗುಡ್ಡ, ಬಿದಿರಿನ ಸೀಳಿಗೆ ಬಣ್ಣದ ಕಾಗದ ಅಂಟಿಸಿದ ನಕ್ಷತ್ರ ಇವಕ್ಕೆ ತಗಲುವ ವೆಚ್ಚ ಅತ್ಯಲ್ಪ. ಹಬ್ಬ ಮುಗಿದ ಮೇಲೆ ಹುಲ್ಲು ದನಕ್ಕೆ, ಪೈರು ತೋಟಕ್ಕೆ. ಥರ್ಮೊಕೋಲಿನ ಗುಡ್ಡವಾದರೋ ಮಣ್ಣಿನಲ್ಲಿ ಕರಗದೆ ಉಳಿಯುತ್ತದೆ.

ಬಾಲ ಯೇಸುವಿನ ಮೂರ್ತಿಯನ್ನು ಹಬ್ಬದ ಇರುಳಿನವರೆಗೆ ಇರಿಸದೆ, ಗೋದಲಿಯನ್ನು ಬರಿದಾಗಿಯೇ ಬಿಡುವುದು ಅರ್ಥಪೂರ್ಣ ಪದ್ಧತಿ. ನಡುರಾತ್ರಿಯ ಬಲಿಪೂಜೆಯಿಂದ ಮರಳಿದ ಬಳಿಕ ಮನೆಯ ಅತಿ ಕಿರಿಯ ಮಗುವೋ ಅತಿ ಹಿರಿಯರೋ ಅದನ್ನು ಇರಿಸಲಿ. ಎಲ್ಲರೂ ಕೂಡಿ ಪ್ರಾರ್ಥಿಸಲಿ. ಮೂವರು ಜ್ಞಾನಿಗಳನ್ನು ದೂರದಲ್ಲಿರಿಸಿ ದಿನಕ್ಕಿಷ್ಟು ಮುಂದೆ ಸರಿಸುತ್ತ, ಅವರ ಹಬ್ಬದಂದು ಗೋದಲಿಯ ಬಳಿಗೆ ತಲುಪಿಸಬಹುದು. ಪ್ರಭುವಿನ ದೀಕ್ಷಾಸ್ನಾನದ ಹಬ್ಬದೊಂದಿಗೆ ಕ್ರಿಸ್ಮಸ್ ಕಾಲವು ಮುಗಿಯುವುದರಿಂದ ಹೊಸ ವರ್ಷದ ಮರುದಿನವೇ ಎಲ್ಲವನ್ನೂ ಕಳಚಲು ಆತುರಪಡಬೇಕಾಗಿಲ್ಲ. ಒಣಹುಲ್ಲಿನ ಬಳಿ ಮೇಣದಬತ್ತಿ ಉರಿಸದಿರುವುದು, ಮಲಗುವ ಮುನ್ನ ದೀಪಮಾಲೆಗಳನ್ನು ಆರಿಸುವುದು ಮಾತ್ರ ಯಾರೂ ಮರೆಯಲಾಗದ ಎಚ್ಚರಿಕೆ.

ಇನ್ನೊಂದು ಮಾತನ್ನು ಹೇಳಲೇಬೇಕು. ವರ್ಷದೊಳಗೆ ಸಾವು ಸಂಭವಿಸಿದ ಮನೆಗಳಲ್ಲಿ ನಕ್ಷತ್ರ ತೂಗುಹಾಕದ, ಕುಸ್ವಾರ್ ಮಾಡದ ರೂಢಿ ಹಲವೆಡೆ ಇದೆ. ಆ ದುಃಖವನ್ನು ನಾವು ಗೌರವಿಸುತ್ತೇವೆ. ಆದರೆ ಗೋದಲಿಯನ್ನೂ ಬೇಡವೆನ್ನುವ ಮುನ್ನ ಯೋಚಿಸಬೇಕು. ಸಂತ ಫ್ರಾನ್ಸಿಸರು ಕಾಣಬಯಸಿದ್ದು ವೈಭವವನ್ನಲ್ಲ. ತಂಗಲು ಸ್ಥಳವಿಲ್ಲದೆ ಹುಲ್ಲಿನ ಮೇಲೆ ಮಲಗಿದ ಶಿಶುವಿನ ಕೊರತೆಯನ್ನು. ಕೊರತೆಯ ನಡುವೆ ಹುಟ್ಟಿಬಂದವನು ಕಣ್ಣೀರಿನ ಮನೆಯಲ್ಲಿ ಪರಕೀಯನಾಗಲಾರ. ಹಿಡಿ ಬೈಹುಲ್ಲು, ಮೂರು ಮೂರ್ತಿಗಳು, ಒಂದು ದೀಪ ಇಷ್ಟೇ ಸಾಕು.

ಹಾಗೆಯೇ ಮಕ್ಕಳು ಕೊಲ್ಲಿ ರಾಷ್ಟ್ರಗಳಲ್ಲಿಯೋ ದೂರದ ನಗರಗಳಲ್ಲಿಯೋ ನೆಲೆಸಿರುವುದರಿಂದ ವೃದ್ಧ ತಂದೆತಾಯಂದಿರಷ್ಟೇ ಉಳಿದ ಮನೆಗಳು ನಮ್ಮ ಪ್ರತಿಯೊಂದು ಧರ್ಮಕೇಂದ್ರದಲ್ಲಿಯೂ ಇವೆ. ಅಟ್ಟ ಹತ್ತಿ ಮೂರ್ತಿಗಳ ಪೆಟ್ಟಿಗೆಯನ್ನು ಇಳಿಸುವವರಿಲ್ಲವೆಂಬ ಒಂದೇ ಕಾರಣಕ್ಕೆ ಅಲ್ಲಿ ಗೋದಲಿ ಕಟ್ಟುವುದು ನಿಂತುಹೋಗಿರಬಹುದು. ಗೋದಲಿ ಸ್ಪರ್ಧೆಗಾಗಿ ರಾತ್ರಿ ಹಗಲೆನ್ನದೆ ದುಡಿಯುವ ನಮ್ಮ ಯುವಜನರು ಅದರಲ್ಲೊಂದು ಸಂಜೆಯನ್ನು ಇಂತಹ ಮನೆಗೆ ಮೀಸಲಿಡಬಾರದೇಕೆ? ಗ್ರೆಚ್ಚೊದಲ್ಲಿ ಮೂರ್ತಿಗಳಿಲ್ಲದ ಗೋದಲಿಯನ್ನು ತುಂಬಿದವರು ನೆರೆಹೊರೆಯ ಜನರೇ ಎಂಬುದನ್ನು ಮರೆಯದಿರೋಣ. ಈ ಸಲ ನಮ್ಮ ಮನೆಯ ಗೋದಲಿ ಮುಗಿದೊಡನೆ ಪಕ್ಕದ ಮನೆಯ ಅಜ್ಜ ಅಜ್ಜಿಯರ ಅಟ್ಟಕ್ಕೂ ಏಣಿ ಇಡೋಣ. ಓದುಗರೆಲ್ಲರಿಗೂ ಕ್ರಿಸ್ತ ಜಯಂತಿಯ ಶುಭಾಶಯಗಳು.