ರೂ ದ್ಯು ಬಾಕ್‌ನ ಮಿಷನರಿ ಮನೆ: ಮರಳಿ ಬಾರದ ಪಯಣಕ್ಕೆ ಸಿದ್ಧತೆ

ಲೂರ್ದ್ ಯಾತ್ರೆಗೆ ಹೋಗುವ ನಮ್ಮ ಭಕ್ತಾದಿಗಳಲ್ಲಿ ಹಲವರು ಪ್ಯಾರಿಸಿನ ರೂ ದ್ಯು ಬಾಕ್ ಬೀದಿಯ 140ನೇ ನಂಬರಿಗೂ ಹೋಗಿ ಬರುತ್ತಾರೆ. 1830ರಲ್ಲಿ ದೇವಮಾತೆ ಸಂತ ಕ್ಯಾಥರಿನ್ ಲಬೂರೆಗೆ ದರ್ಶನವಿತ್ತು ಪವಾಡ ಪದಕವನ್ನು ತೋರಿಸಿದ ಪ್ರಾರ್ಥನಾಲಯ ಅದು. ಅದೇ ಬೀದಿಯ 128ನೇ ನಂಬರಿನ ಬಾಗಿಲನ್ನು ಗಮನಿಸುವವರು ಕಡಿಮೆ. ಅದು ಪ್ಯಾರಿಸ್ ವಿದೇಶೀ ಮಿಷನ್ ಸಭೆಯ ಸೆಮಿನರಿ. ಘಟ್ಟದ ಮೇಲೆ ಮೈಸೂರು, ಬೆಂಗಳೂರು ಕಡೆಯ ಧರ್ಮಸಭೆಯನ್ನು ಕಟ್ಟಿ ಬೆಳೆಸಿದ ಫ್ರೆಂಚ್ ಗುರುಗಳು ತಯಾರಾದದ್ದು ಇಲ್ಲಿಯೇ. ನಮ್ಮ ಕರಾವಳಿಯಲ್ಲಿ ಮೊದಲು ಕಾರ್ಮೆಲ್ ಸಭೆಯವರು, 1878ರ ಕೊನೆಯಿಂದ ಇಟಲಿಯ ಯೇಸುಸಭೆಯವರು ದುಡಿದುದರಿಂದ ಈ ಮನೆಯ ಪರಿಚಯ ನಮಗೆ ಅಷ್ಟಾಗಿ ಇಲ್ಲ.

ಈ ಸಭೆಯ ಮೂಲ 1658ರದ್ದು. ಸೆಮಿನರಿ ಸ್ಥಾಪನೆಯಾದದ್ದು 1663ರಲ್ಲಿ. ಇದು ಫ್ರಾನ್ಸಿಸ್ಕನ್ ಅಥವಾ ಕಾರ್ಮೆಲ್ ಸಭೆಗಳಂತೆ ವ್ರತ ತೆಗೆದುಕೊಳ್ಳುವ ಸಭೆಯಲ್ಲ. ನಮ್ಮ ಧರ್ಮಪ್ರಾಂತ್ಯದ ಗುರುಗಳಂತೆಯೇ ಇರುವವರು ಜೀವಮಾನವಿಡೀ ಏಷ್ಯಾದ ಸೇವೆಗೆ ಒಪ್ಪಿಕೊಂಡು ಇಲ್ಲಿ ಸೇರುತ್ತಿದ್ದರು. ತರಬೇತಿಯಲ್ಲಿರುವವರಿಗೆ 'ಆಕಾಂಕ್ಷಿಗಳು' ಎಂದು ಹೆಸರು.

ಹತ್ತೊಂಬತ್ತನೆಯ ಶತಮಾನದಲ್ಲಿ ಆ ಮನೆಯ ದಿನಚರಿ ಹೊರಗಿನಿಂದ ನೋಡಿದರೆ ಬೇರೆ ಯಾವ ಸೆಮಿನರಿಗಿಂತಲೂ ಭಿನ್ನವಾಗಿರಲಿಲ್ಲ. ಬೆಳಗ್ಗೆ ಗಂಟೆಯ ಸದ್ದಿಗೆ ಏಳುವುದು, ಧ್ಯಾನ, ಬಲಿಪೂಜೆ, ಬಳಿಕ ದೈವಶಾಸ್ತ್ರ ಮತ್ತು ಪವಿತ್ರ ಗ್ರಂಥದ ಪಾಠ. ಹಿಂದಿನ ತೋಟದಲ್ಲಿ ವಿರಾಮ. ವಾರಕ್ಕೊಂದು ದಿನ ಪ್ಯಾರಿಸಿನ ಹೊರಗೆ ಮ್ಯೂದೋನಿನಲ್ಲಿದ್ದ ತೋಟದ ಮನೆಗೆ ಹೋಗಿ ಕಾಡಿನಲ್ಲಿ ತಿರುಗಾಡಿ ಬರುವುದು. ಹುಡುಗರೇ ತಾನೆ, ನಗು, ತಮಾಷೆಗೇನೂ ಕೊರತೆ ಇರಲಿಲ್ಲ.

ವ್ಯತ್ಯಾಸವಿದ್ದದ್ದು ಬೇರೆ ಕಡೆ. ಅವರಿಗೆ ಪಾಠ ಹೇಳುತ್ತಿದ್ದ ನಿರ್ದೇಶಕರಲ್ಲಿ ಮಿಷನ್ ಪ್ರದೇಶದಿಂದ ಮರಳಿದವರಿದ್ದರು. ಮೈಸೂರು ಸೀಮೆಯಲ್ಲಿ ವರ್ಷಗಟ್ಟಲೆ ದುಡಿದು, ಅಲ್ಲಿ ಸಿಡುಬಿನ ಲಸಿಕೆಯನ್ನೂ ಹರಡಿದ ಅಬ್ಬೆ ದ್ಯುಬುವಾ 1823ರಲ್ಲಿ ಭಾರತ ಬಿಟ್ಟ ಮೇಲೆ ಇದೇ ಮನೆಯಲ್ಲಿ ನಿರ್ದೇಶಕರಾಗಿ, ಮುಂದೆ ಸುಪೀರಿಯರ್ ಆಗಿ, 1848ರಲ್ಲಿ ತೀರಿಕೊಂಡರು. ದೂರದ ಮಿಷನ್‌ಗಳಿಂದ ಬಂದ ಪತ್ರಗಳನ್ನು ಮನೆಯವರೆಲ್ಲರೂ ಕೇಳುತ್ತಿದ್ದರು. ರಕ್ತಸಾಕ್ಷಿಗಳ ಕೋಣೆ ಎಂಬುದೊಂದಿತ್ತು. ವಿಯೆಟ್ನಾಮಿನಲ್ಲಿ 1838ರಲ್ಲಿ ಮಡಿದ ಸಂತ ಪಿಯರ್ ಬೋರಿಯವರ ಕುತ್ತಿಗೆಗೆ ಹಾಕಿದ್ದ ಮರದ ಕೊರಳಬಂಧ, ಸಂಕೋಲೆಗಳು, ಬಟ್ಟೆಗಳು ಇವೆಲ್ಲ ಅಲ್ಲಿಗೆ ಬಂದು ಸೇರಿದವು. ಇಪ್ಪತ್ತರ ಹರೆಯದ ತರುಣರು ಅವುಗಳ ಮುಂದೆ ಮೊಣಕಾಲೂರಿ ಪ್ರಾರ್ಥಿಸುತ್ತಿದ್ದರು.

ಹೋಗಬೇಕಾದ ದೇಶದ ಭಾಷೆಯನ್ನು ಮಾತ್ರ ಪ್ಯಾರಿಸಿನಲ್ಲಿ ಕಲಿಸುತ್ತಿರಲಿಲ್ಲ. ಎಲ್ಲಿಗೆ ಕಳುಹಿಸುತ್ತಾರೆ ಎಂಬುದು ತಿಳಿಯುತ್ತಿದ್ದದ್ದೇ ತರಬೇತಿ ಮುಗಿಯುವ ಹೊತ್ತಿಗೆ. ಮೈಸೂರಿಗೆ ನೇಮಕವಾದವನು ಇಲ್ಲಿಗೆ ಬಂದ ಮೇಲೆಯೇ ಕನ್ನಡದ ಅಕ್ಷರ ತಿದ್ದಬೇಕಿತ್ತು. ಇದು ನಮಗೆ ವಿಚಿತ್ರವಾಗಿ ಕಾಣಬಹುದು. ಆದರೆ ತನಗೆ ಇಷ್ಟವಾದ ದೇಶವನ್ನು ಆರಿಸಿಕೊಳ್ಳುವ ಆಸೆಯನ್ನೇ ಬಿಡಿಸುವುದು ಆ ತರಬೇತಿಯ ದೊಡ್ಡ ಪಾಠವಾಗಿತ್ತು ಎಂದು ನಮ್ಮ ಅಭಿಪ್ರಾಯ. ಸಂತ ತಿಯೋಫಾನ್ ವೆನಾರ್ 1852ರಲ್ಲಿ ಹೊರಟರು. ಹಾಂಗ್‌ಕಾಂಗ್‌ನಲ್ಲಿ ವರ್ಷಕ್ಕೂ ಹೆಚ್ಚು ಕಾಲ ಕಾದ ಮೇಲೆಯೇ ಅವರು ವಿಯೆಟ್ನಾಮಿನ ಟೋಂಕಿನ್ ಸೇರಿದ್ದು. 1861ರಲ್ಲಿ ಅಲ್ಲಿ ಅವರ ಶಿರಚ್ಛೇದವಾದಾಗ ವಯಸ್ಸು 31. ಪುಟ್ಟ ಸಂತ ತೆರೇಸಾ ತಮ್ಮ ಕೊನೆಯ ಕಾಯಿಲೆಯಲ್ಲಿ ಇವರ ಚಿತ್ರವನ್ನು ಬಳಿಯಲ್ಲೇ ಇಟ್ಟುಕೊಂಡಿದ್ದರು.

ಹೊರಡುವ ದಿನದ ವಿಧಿಯನ್ನು ಇಲ್ಲಿ ಹೇಳಲೇಬೇಕು. ಹೊರಡುವವರು ಪೀಠದ ಮುಂದೆ ಜನರಿಗೆ ಮುಖ ಮಾಡಿ ಸಾಲಾಗಿ ನಿಲ್ಲುತ್ತಿದ್ದರು. ಶುಭಸಂದೇಶ ಸಾರುವವರ ಪಾದಗಳ ಅಂದವನ್ನು ಕುರಿತು ಸಂತ ಪೌಲರು ರೋಮನರಿಗೆ ಬರೆದ ಮಾತನ್ನು ಹಾಡುತ್ತಿರುವಾಗ ನಿರ್ದೇಶಕರು, ಸಹಪಾಠಿಗಳು, ಬಂದಿದ್ದ ಬಂಧುಗಳು ಒಬ್ಬೊಬ್ಬರಾಗಿ ಬಂದು ಅವರ ಪಾದಗಳನ್ನು ಚುಂಬಿಸಿ, ಬಳಿಕ ಎದ್ದು ಆಲಂಗಿಸುತ್ತಿದ್ದರು. ಮಗನ ಪಾದಕ್ಕೆ ತಂದೆ ಬಾಗುವುದು! ರಜೆಯಲ್ಲಿ ಊರಿಗೆ ಬರುವ ಪದ್ಧತಿ ಆಗ ಇರಲಿಲ್ಲ. ಇದೇ ಕೊನೆಯ ಭೇಟಿ ಎಂಬುದು ಎರಡೂ ಕಡೆಯವರಿಗೆ ಗೊತ್ತಿತ್ತು. 1864ರ ಜುಲೈಯಲ್ಲಿ ಹೀಗೆ ಬೀಳ್ಕೊಂಡು ಕೊರಿಯಾಕ್ಕೆ ಹೋದ ನಾಲ್ವರೂ 1866ರ ಮಾರ್ಚ್ ಮುಗಿಯುವಷ್ಟರಲ್ಲಿ ರಕ್ತಸಾಕ್ಷಿಗಳಾದರು. 1984ರಲ್ಲಿ ಎರಡನೆಯ ಜಾನ್ ಪಾವ್ಲ್ ಪೋಪರು ಸಿಯೋಲ್‌ನಲ್ಲಿ ಅವರನ್ನು ಸಂತ ಪದವಿಗೇರಿಸಿದರು. ಈ ಸಭೆಯ ಗುರುಗಳಲ್ಲಿ ಸಂತರೆನಿಸಿದವರು ಒಟ್ಟು 23 ಮಂದಿ. ಖಡ್ಗಕ್ಕಲ್ಲ, ಜ್ವರಕ್ಕೆ ಎಳೆಯ ಪ್ರಾಯದಲ್ಲೇ ಬಲಿಯಾದವರನ್ನು ಲೆಕ್ಕ ಹಿಡಿದವರಾರು?

ಆ ವಿಧಿಯಲ್ಲಿ ಹಾಡುತ್ತಿದ್ದ ಬೀಳ್ಕೊಡುಗೆಯ ಗೀತೆಗೆ ರಾಗ ಹಾಕಿದವರು ಪ್ರಸಿದ್ಧ ಸಂಗೀತಗಾರ ಶಾರ್ಲ್ ಗುನೋ. ಅವರು 1840ರ ದಶಕದಲ್ಲಿ ಈ ಮನೆಯ ಇಗರ್ಜಿಯಲ್ಲಿ ಆರ್ಗನ್ ನುಡಿಸುತ್ತಿದ್ದರು. ಸಾಹಿತ್ಯ ಬರೆದವರು ಶಾರ್ಲ್ ದಾಲೆ. ಈ ದಾಲೆ ಮೈಸೂರು ಮಿಷನ್‌ಗೆ ಬಂದ ಗುರು! 1852ರಲ್ಲಿ ಹೊರಟು ಮೈಸೂರು ಸೀಮೆಯಲ್ಲಿ ದುಡಿದರು, 1874ರಲ್ಲಿ ಕೊರಿಯಾ ಧರ್ಮಸಭೆಯ ಚರಿತ್ರೆಯನ್ನು ಪ್ರಕಟಿಸಿದರು, 1878ರಲ್ಲಿ ಟೋಂಕಿನ್‌ನಲ್ಲಿ ತೀರಿಕೊಂಡರು.

ಇಂದು ಆ ಮನೆಯಲ್ಲಿ ಫ್ರೆಂಚ್ ಆಕಾಂಕ್ಷಿಗಳ ಸಂಖ್ಯೆ ಬಹಳ ಇಳಿದಿದೆ. ಬದಲಿಗೆ ಏಷ್ಯಾದ ಧರ್ಮಪ್ರಾಂತ್ಯಗಳ ಗುರುಗಳು ಉನ್ನತ ವ್ಯಾಸಂಗಕ್ಕಾಗಿ ಬಂದು ಅಲ್ಲಿ ತಂಗುತ್ತಾರೆ. ತರುಣ ತರುಣಿಯರು ಸ್ವಯಂಸೇವಕರಾಗಿ ಏಷ್ಯಾಕ್ಕೆ ಹೋಗಿ, ಕೆಲವು ತಿಂಗಳು ಅಥವಾ ಒಂದೆರಡು ವರ್ಷ ಸೇವೆ ಮಾಡಿ ಮನೆಗೆ ಮರಳುತ್ತಾರೆ.